850 ಅಂದ್ರೆ 790

ಪೀಣ್ಯ ಎರಡನೇ ಹಂತ, ಭಾನುವಾರ ಬೆಳಿಗ್ಗೆ. ವಾರವೆಲ್ಲ ಪ್ರೆಸ್ಸು, ಗ್ರೈಂಡರು, ಕಂಪ್ರೆಸರುಗಳ ಗದ್ದಲದಲ್ಲಿ ಮುಳುಗಿರುವ ಈ ರಸ್ತೆಯಲ್ಲಿ ಇವತ್ತು ಟೀ ಅಂಗಡಿಯ ರೇಡಿಯೊ ಕೇಳಿಸುತ್ತಿದೆ. ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನ ಷಟರು ಅರ್ಧ ಎತ್ತಿದೆ. ತಲೆ ತಗ್ಗಿಸಿ ಒಳಗೆ ಬನ್ನಿ. ಕ್ವೆಂಚಿಂಗ್ ಎಣ್ಣೆಯ ಕಮಟು ಮೂಗಿಗೆ ಬಡಿಯುತ್ತದೆ. ಬಲಗಡೆ ನೆಲದೊಳಗೆ ಅರ್ಧ ಹೂತಿರುವುದು ಪಿಟ್ ಫರ್ನೇಸ್, 18 ಕಿಲೋವ್ಯಾಟಿನದು. ಅದರ ಪಕ್ಕದ ಗೋಡೆಗೆ ಆಳೆತ್ತರದ ಪ್ಯಾನಲ್ಲು. ಬಾಗಿಲ ಮೇಲೆ ಹಳೆಯ ಮುಳ್ಳಿನ ಕಂಟ್ರೋಲರು, ಕೆಳಗೆ ಸೀಮೆಸುಣ್ಣದಲ್ಲಿ ಯಾರೋ ಬರೆದ ಲೆಕ್ಕ: ‘850 = 790’.

“ಇದೇನು?” ಅಂತ, ಹಳೆಯ ಕಂಟ್ರೋಲರು ಬದಲಿಸಲು ಬಂದಿರುವ ಮೇಸ್ತ್ರಿ ಬೆರಳು ತೋರಿಸುತ್ತಾರೆ.

“ಈ ಫರ್ನೇಸಿನ ಗುಣ ಅಣ್ಣ ಅದು. 850 ಡಿಗ್ರಿ ಬೇಕಂದ್ರೆ 790ಕ್ಕೆ ಇಡಬೇಕು. 850ಕ್ಕೇ ಇಟ್ರೆ ಪೀಸು ಎಣ್ಣೆಗೆ ಬಿಟ್ಟಾಗ ಬಿರುಕು ಬಿಡತ್ತೆ,” ಅನ್ನುತ್ತಾನೆ ಆಪರೇಟರ್. ಫರ್ನೇಸು ಹಳೆಯದು, ಅದಕ್ಕೊಂದು ಗುಣ ಇರುತ್ತದೆ ಎಂದು ಎಲ್ಲರೂ ಒಪ್ಪಿಕೊಂಡ ಹಾಗಿದೆ. ಮೇಸ್ತ್ರಿ ಏನೂ ಹೇಳದೆ ಟೂಲ್ ಬ್ಯಾಗ್ ಬಿಚ್ಚುತ್ತಾರೆ.

ಮೊದಲು ಕರೆಂಟು. ಮೇನ್ ಐಸೊಲೇಟರ್ ಕೆಳಗಿಳಿಸಿ, ಹಿಡಿಕೆಗೆ ಬೀಗ ಹಾಕಿ, ಕೀಲಿ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೆಲ್ಪರ್ ಹುಡುಗ ಟೆಸ್ಟರ್ ತೆಗೆಯುತ್ತಾನೆ. “ಟೆಸ್ಟರ್ ನಂಬಬೇಡ ಕಣೋ, ಮೀಟರ್ ಹಿಡಿ.” ಮಲ್ಟಿಮೀಟರಿನ ಕಡ್ಡಿಗಳು ಒಂದೊಂದು ಫೇಸಿಗೂ ನ್ಯೂಟ್ರಲ್‌ಗೂ, ಆಮೇಲೆ ಫೇಸಿಗೂ ಫೇಸಿಗೂ ಓಡಾಡುತ್ತವೆ. ಎಲ್ಲ ಕಡೆಯೂ ಸೊನ್ನೆ. ಕೊನೆಗೆ ಅದೇ ಮೀಟರನ್ನು ಕರೆಂಟಿರುವ ಪಕ್ಕದ ಸಾಕೆಟ್ಟಿಗೆ ಹಿಡಿದಾಗ 236 ವೋಲ್ಟ್ ಬರುತ್ತದೆ. ಮೀಟರೇ ಕೆಟ್ಟು ಸೊನ್ನೆ ತೋರಿಸಿದ್ದಲ್ಲ ಅನ್ನುವುದು ಹೀಗೆ ಖಾತ್ರಿಯಾಯಿತು.

ಹೊಸ ಕಂಟ್ರೋಲರು ಡಬ್ಬದಿಂದ ಹೊರಬರುತ್ತದೆ. ಮುಖ 96 × 96 ಮಿಲಿಮೀಟರ್. ಬಾಗಿಲಿಗೆ ಕೊರೆಯಬೇಕಾದ ಕಿಂಡಿ 92 × 92. ಇದು ಜರ್ಮನಿಯ ಡಿನ್ ಅಳತೆ, ಯಾವ ಕಂಪನಿಯ ಮಾಲು ತಂದರೂ ಇದೇ ಕಿಂಡಿಗೆ ಕೂರುತ್ತದೆ. 92ರ ಮೇಲೆ 0.8 ಮಿಲಿಮೀಟರ್ ಹೆಚ್ಚಾದರೆ ನಡೆಯುತ್ತದೆ, ಕಡಿಮೆಯಾದರೆ ಕೂರುವುದಿಲ್ಲ. ಹಳೆಯದನ್ನು ಕಳಚಿದಾಗ ಉಳಿಯುವ ತೂತು ಇದಕ್ಕೆ ತೀರಾ ದೊಡ್ಡದು. ಅದನ್ನು ತಗಡಿನಿಂದ ಮುಚ್ಚಿ, ಹೊಸದಕ್ಕೆ ಕಣ್ಣಿನ ಎತ್ತರದಲ್ಲಿ ಬೇರೆ ಜಾಗ ಗುರುತು ಮಾಡುತ್ತಾರೆ. ಅದಕ್ಕೂ ಮೊದಲು ಬಾಗಿಲು ಮುಚ್ಚಿದರೆ ಕಂಟ್ರೋಲರಿನ ಹಿಂಭಾಗ ಒಳಗಿನ ಕಾಂಟ್ಯಾಕ್ಟರಿಗೆ ತಗಲುವುದಿಲ್ಲವೇ ಎಂದು ಟೇಪು ಹಿಡಿದು ನೋಡುತ್ತಾರೆ.

ಪೌಡರ್ ಕೋಟಿಂಗ್ ಕಿತ್ತು ಬರದಂತೆ ಬಾಗಿಲಿಗೆ ಮಾಸ್ಕಿಂಗ್ ಟೇಪು ಅಂಟಿಸಿ, ಅದರ ಮೇಲೆ ಗೆರೆ ಎಳೆದಾಯಿತು. ನಾಲ್ಕು ಮೂಲೆಗೂ ಡ್ರಿಲ್ ತೂತು, ನಡುವೆ ಜಿಗ್‌ಸಾ. ತಗಡು ಕಿರ್ರೆಂದು ಚೀರುತ್ತದೆ. ಹುಡುಗ ಹಳೆಯ ಬ್ಯಾನರೊಂದನ್ನು ಒಳಗಿನ ಕಾಂಟ್ಯಾಕ್ಟರುಗಳ ಮೇಲೆ ಹೊದಿಸಿ ಹಿಡಿದುಕೊಂಡಿದ್ದಾನೆ. ಕಬ್ಬಿಣದ ಪುಡಿಯ ಒಂದು ಚೂರು ಟರ್ಮಿನಲ್ಲುಗಳ ನಡುವೆ ಬಿದ್ದರೂ ಕರೆಂಟು ಕೊಟ್ಟ ದಿನ ಅದು ತನ್ನ ಕೆಲಸ ತೋರಿಸುತ್ತದೆ. ಅಂಚಿಗೆ ಅರ ಹಾಕಿ ನಯ ಮಾಡಿ, ರಬ್ಬರ್ ಗ್ಯಾಸ್ಕೆಟ್ ಕೂರಿಸಿ, ಕಂಟ್ರೋಲರನ್ನು ಮುಂದಿನಿಂದ ತಳ್ಳಿದರೆ ಟಪ್ಪೆಂದು ಕೂರುತ್ತದೆ. ಹಿಂದಿನಿಂದ ಎರಡು ಕ್ಲ್ಯಾಂಪು. ಸ್ಕ್ರೂ ಬಿಗಿ ಸಾಕು ಅನ್ನಿಸಿದ ಮೇಲೆ ಇನ್ನೊಂದು ಸುತ್ತು ಹಾಕಬೇಡಿ. ಮುಖದ ಪ್ಲಾಸ್ಟಿಕ್ ಬಾಗಿದರೆ ಗ್ಯಾಸ್ಕೆಟ್ಟಿನ ಸಂದಿಯಿಂದ ಎಣ್ಣೆ ಹೊಗೆ ಒಳಕ್ಕೆ ದಾರಿ ಮಾಡಿಕೊಳ್ಳುತ್ತದೆ.

ಇನ್ನು ವೈರಿಂಗ್. ಕಂಟ್ರೋಲರಿನ ಪಕ್ಕಕ್ಕೆ ಅಂಟಿಸಿದ ಚೀಟಿಗೆ ಟಾರ್ಚ್ ಬಿಡಿ. ಮೇಸ್ತ್ರಿ ಮೊದಲು ಓದುವುದು ಸಪ್ಲೈ ಎಷ್ಟು ಅಂತ. ನೋಡಲು ಒಂದೇ ಥರದ ಡಬ್ಬಗಳಲ್ಲಿ 230 ವೋಲ್ಟಿನದೂ ಇರುತ್ತದೆ, 24 ವೋಲ್ಟಿನದೂ ಇರುತ್ತದೆ. 24ರದ್ದಕ್ಕೆ 230 ಕೊಟ್ಟರೆ ಹೊಗೆ ಬಂದ ಮೇಲೆ ಚೀಟಿ ಓದಬೇಕಾಗುತ್ತದೆ. ಇದು 230ರದ್ದೇ. ಹುಡುಗ ವೈರಿನ ತುದಿ ಸುಲಿದು, ನಂಬರಿನ ಫೆರೂಲ್ ತೂರಿಸಿ, ಪಿನ್ ಲಗ್ ಹಾಕಿ ಕ್ರಿಂಪಿಂಗ್ ಟೂಲಿನಲ್ಲಿ ಒತ್ತುತ್ತಾನೆ. ಮೇಸ್ತ್ರಿ ಪ್ರತಿಯೊಂದು ಲಗ್ಗನ್ನೂ ಹಿಡಿದು ಒಮ್ಮೆ ಜಗ್ಗಿ ನೋಡುತ್ತಾರೆ. ಒಂದು ಕೈಗೇ ಬರುತ್ತದೆ. “ತಾಮ್ರದ ಬದಲು ಇನ್ಸುಲೇಷನ್ ಮೇಲೆ ಒತ್ತಿದ್ದೀಯ, ಮತ್ತೆ ಮಾಡು.”

ಔಟ್‌ಪುಟ್ ಟರ್ಮಿನಲ್ಲಿನಿಂದ 12 ವೋಲ್ಟ್ ಡಿಸಿ ಹೊರಟು ತ್ರೀ ಫೇಸ್ ಎಸ್‌ಎಸ್‌ಆರ್‌ಗೆ, ಅಂದರೆ ಹೀಟರಿಗೆ ಕರೆಂಟು ಕೊಟ್ಟು ಕಡಿಯುವ ಸಾಲಿಡ್ ಸ್ಟೇಟ್ ರಿಲೇಗೆ, ಹೋಗುತ್ತದೆ. ಹೀಟರಿನ ಒಂದೊಂದು ಫೇಸಿಗೆ ಸುಮಾರು 25 ಆಂಪಿಯರ್. ಆ ಕರೆಂಟು ಹರಿಯುವಾಗ ಎಸ್‌ಎಸ್‌ಆರ್ ತನ್ನೊಳಗೇ ಪ್ರತಿ ಆಂಪಿಯರಿಗೆ ಒಂದು ವ್ಯಾಟಿಗೂ ಸ್ವಲ್ಪ ಹೆಚ್ಚು ಬಿಸಿ ಹುಟ್ಟಿಸುತ್ತದೆ. ಮೂರೂ ಫೇಸು ಸೇರಿದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು. ಹಾಗಾಗಿ ಬೆನ್ನಿಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ, ಗಾಳಿ ಕೆಳಗಿನಿಂದ ಮೇಲಕ್ಕೆ ಹರಿಯುವಂತೆ ಹೀಟ್‌ಸಿಂಕಿನ ರೆಕ್ಕೆಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ.

ಉಳಿದದ್ದು ಫರ್ನೇಸಿನ ಒಳಗಿನ ಬಿಸಿ ಅಳೆಯುವ ಥರ್ಮೊಕಪಲ್. ಇಲ್ಲಿರುವುದು ಕೆ ಟೈಪ್. ಕೆ ಟೈಪ್ ಅಂದರೆ ಕ್ರೋಮೆಲ್ ಮತ್ತು ಅಲುಮೆಲ್ ಎಂಬ ಎರಡು ಮಿಶ್ರಲೋಹದ ತಂತಿಗಳು, ತುದಿಯಲ್ಲಿ ಬೆಸೆದುಕೊಂಡಿವೆ. ಒಂದು ಡಿಗ್ರಿಗೆ ಇವು ಕೊಡುವುದು ಸುಮಾರು 41 ಮೈಕ್ರೊವೋಲ್ಟ್. ಫರ್ನೇಸು ಕೆಂಪಗೆ ಕಾದು 850 ಮುಟ್ಟಿದಾಗಲೂ ಬರುವುದು 35 ಮಿಲಿವೋಲ್ಟ್ ಚಿಲ್ಲರೆ. ಟಾರ್ಚಿನ ಸೆಲ್ಲಿನ ನಲವತ್ತರಲ್ಲಿ ಒಂದು ಪಾಲೂ ಅಲ್ಲ. ಈ ಬಡಪಾಯಿ ಸಿಗ್ನಲ್ಲನ್ನು ಹೀಟರಿನ ದಪ್ಪ ಕೇಬಲ್ಲಿನ ಜೊತೆ ಒಂದೇ ಡಕ್ಟಿನಲ್ಲಿ ಎಳೆದರೆ ಡಿಸ್‌ಪ್ಲೇ ಕುಣಿಯುತ್ತದೆ. ಅದಕ್ಕೇ ಇದರ ಡಕ್ಟು ಬೇರೆ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸುತ್ತಾರೆ. ಕೇಬಲ್ಲಿನ ಶೀಲ್ಡನ್ನು ಪ್ಯಾನಲ್ ಕಡೆ ಮಾತ್ರ ಅರ್ತ್ ಮಾಡಿ, ಫರ್ನೇಸ್ ಕಡೆ ಕತ್ತರಿಸಿ ಟೇಪು ಸುತ್ತುತ್ತಾರೆ.

ಫರ್ನೇಸಿನಿಂದ ಪ್ಯಾನಲ್ಲಿಗೆ ಬಂದಿರುವುದು ಹಳೆಯ ಕಾಂಪೆನ್ಸೇಟಿಂಗ್ ಕೇಬಲ್ಲೇ, ಅದರ ತಂತಿಗಳೂ ಥರ್ಮೊಕಪಲ್ಲಿನ ಲೋಹದವೇ. ಒಳಗೆ ಹಳದಿ ಒಂದು, ಕೆಂಪು ಒಂದು. “ಹಳೆಯದ್ರಲ್ಲಿ ಕೆಂಪು ಪ್ಲಸ್‌ಗಿತ್ತು ಅಣ್ಣ, ಹಾಗೇ ಹಾಕಿದೀನಿ,” ಅನ್ನುತ್ತಾನೆ ಹುಡುಗ.

“ಹೂಂ. ಕಂಟ್ರೋಲ್ ಎಂಸಿಬಿ ಮಾತ್ರ ಏರಿಸು. ಹೀಟರ್ ಮುಟ್ಟಬೇಡ.” ಬೀಗ ತೆಗೆದು ಐಸೊಲೇಟರ್ ಹಾಕುತ್ತಾರೆ. ಡಿಸ್‌ಪ್ಲೇಯಲ್ಲಿ ಎಲ್ಲ ಗೀಟುಗಳೂ ಒಮ್ಮೆ ಮಿನುಗಿ, ಆಮೇಲೆ ಒಂದು ಅಂಕಿ ನಿಲ್ಲುತ್ತದೆ: 28. ಶೆಡ್ಡಿನ ಗೋಡೆಯ ಥರ್ಮಾಮೀಟರೂ 28. ಹುಡುಗನ ಮುಖ ಅರಳುತ್ತದೆ. ಓನರ್ ಟೀ ತರಿಸುತ್ತೇನೆ ಅನ್ನುತ್ತಾರೆ.

ಮೇಸ್ತ್ರಿ ಕೇಳುವುದು ಹಾಟ್ ಏರ್ ಗನ್.

ಫರ್ನೇಸಿನ ಮುಚ್ಚಳದ ಮೇಲೆ ಎದ್ದು ನಿಂತಿರುವ ಥರ್ಮೊಕಪಲ್ ಹೆಡ್ಡಿಗೆ, ಅಂದರೆ ಥರ್ಮೊಕಪಲ್ ತಂತಿ ಮುಗಿದು ಕೇಬಲ್ ಶುರುವಾಗುವ ಆ ಪುಟ್ಟ ಡಬ್ಬಕ್ಕೆ, ಬಿಸಿಗಾಳಿ ಹಿಡಿಯುತ್ತಾರೆ. “ಸರ್, ನೀವು ಡಿಸ್‌ಪ್ಲೇ ಓದಿ.” ನೀವು ಓದುತ್ತೀರಿ: 28. 27. 24. 17. 9. ಫರ್ನೇಸಿನ ಒಳಗೆ ಏನೂ ಬದಲಾಗಿಲ್ಲ, ಕಾಯಿಸುತ್ತಿರುವುದು ಹೊರಗಿನ ಡಬ್ಬವನ್ನು. ಆದರೂ ಅಂಕಿ ಇಳಿಯುತ್ತಲೇ ಇದೆ. ಸೊನ್ನೆ. ಮೈನಸ್ 6.

ಕೇಬಲ್ ಸರಿಯಾಗಿ ಸೇರಿದ್ದರೆ ಹೆಡ್ಡು ಎಷ್ಟೇ ಬಿಸಿಯಾದರೂ ಅಂಕಿ ಕದಲಬಾರದು. ಹೆಡ್ಡು ಬಿಸಿಯಾದಾಗ ಥರ್ಮೊಕಪಲ್ಲಿನಲ್ಲಿ ಕಡಿಮೆಯಾಗುವ ವೋಲ್ಟೇಜನ್ನು ಅದೇ ಜಾತಿಯ ಕೇಬಲ್ ಅಷ್ಟಕ್ಕಷ್ಟೇ ತುಂಬಿಕೊಡುತ್ತದೆ. ಉಳಿದ ಲೆಕ್ಕವನ್ನು ಕಂಟ್ರೋಲರು ತನ್ನ ಟರ್ಮಿನಲ್ಲಿನ ಬಿಸಿ ತಾನೇ ಅಳೆದು ಸೇರಿಸಿಕೊಳ್ಳುತ್ತದೆ. ಇಲ್ಲಿ ಕೇಬಲ್ ತುಂಬಿಕೊಡುವ ಬದಲು ಇನ್ನಷ್ಟು ಕಳೆಯುತ್ತಿದೆ.

ಮೇಸ್ತ್ರಿ ಹೆಡ್ಡಿನ ಮುಚ್ಚಳ ತಿರುಗಿಸಿ ತೆಗೆದು, ಜೇಬಿನಿಂದ ಒಂದು ಅಯಸ್ಕಾಂತದ ಚೂರು ತೆಗೆಯುತ್ತಾರೆ. ಅಲುಮೆಲ್ ಅಯಸ್ಕಾಂತಕ್ಕೆ ಅಂಟುತ್ತದೆ, ಕ್ರೋಮೆಲ್ ಅಂಟುವುದಿಲ್ಲ. ಅಂಟಿದ್ದೇ ಮೈನಸ್. ಕೇಬಲ್ಲಿನ ಹಳದಿ ತಂತಿಗೆ ತಾಗಿಸಿದರೆ ಚೂರು ಜಾರಿ ಬೀಳುತ್ತದೆ. ಕೆಂಪಿಗೆ ತಾಗಿಸಿದರೆ ತಂತಿಯೇ ಎದ್ದು ಬಂದು ಅಂಟಿಕೊಳ್ಳುತ್ತದೆ. ಅಮೆರಿಕದ ಬಣ್ಣದ ಪದ್ಧತಿಯಲ್ಲಿ ಥರ್ಮೊಕಪಲ್ಲಿನ ಕೆಂಪು ಯಾವತ್ತೂ ಮೈನಸ್. ಐಇಸಿ ಪದ್ಧತಿಯ ಕೆ ಟೈಪಾದರೆ ಹಸಿರು ಪ್ಲಸ್, ಬಿಳಿ ಮೈನಸ್. ಬ್ಯಾಟರಿ, ಡಿಸಿ ವೈರಿಂಗ್ ನೋಡಿ ಬೆಳೆದ ಕೈಗೆ ಮಾತ್ರ ಕೆಂಪು ಕಂಡರೆ ಪ್ಲಸ್. ಹಿಂದೆ ಇಲ್ಲಿ ಕೇಬಲ್ ಎಳೆದವರು ಎರಡೂ ತುದಿಯಲ್ಲಿ ಕೆಂಪನ್ನು ಪ್ಲಸ್‌ಗೇ ಕೊಟ್ಟಿದ್ದಾರೆ.

“ಒಂದು ಕಡೆ ತಿರುಗಿದ್ರೆ ಫರ್ನೇಸ್ ಕಾದಷ್ಟೂ ಅಂಕಿ ಮೈನಸ್‌ಗೆ ಹೋಗತ್ತೆ, ಅವತ್ತೇ ಸಿಕ್ಕಿಬೀಳತ್ತೆ. ಎರಡೂ ಕಡೆ ತಿರುಗಿದ್ರೆ ಸಿಗೋದಿಲ್ಲ. ತಣ್ಣಗಿದ್ದಾಗ ಸರಿಯಾಗೇ ತೋರ್ಸತ್ತೆ, ನೋಡಿದ್ರಲ್ಲ?”

ಲೆಕ್ಕ ಹಾಕಿ. ಫರ್ನೇಸು ನಡೆಯುವಾಗ ಮುಚ್ಚಳದ ಮೇಲಿನ ಹೆಡ್ಡು 65 ಡಿಗ್ರಿ, ಪ್ಯಾನಲ್ 35 ಅಂದುಕೊಂಡರೆ ವ್ಯತ್ಯಾಸ 30. ಮಾಮೂಲಿ ತಾಮ್ರದ ವೈರು ಎಳೆದಿದ್ದರೆ 30 ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಕಾಂಪೆನ್ಸೇಟಿಂಗ್ ಕೇಬಲ್ಲನ್ನೇ ಎರಡೂ ಕಡೆ ತಿರುಗಿಸಿದ್ದಕ್ಕೆ ಅದು ದುಪ್ಪಟ್ಟಾಗಿ 60 ಡಿಗ್ರಿ. ಮುಳ್ಳು 850 ತೋರಿಸುವಾಗ ಒಳಗಿನ ಇಎನ್ 8 ಉಕ್ಕು 910ರಲ್ಲಿ ಕುಳಿತು, ಅದರ ಕಣ ದಪ್ಪವಾಗಿ, ಎಣ್ಣೆಗೆ ಇಳಿದಾಗ ಬಿರುಕು ಬಿಡುತ್ತಿತ್ತು. ಆಪರೇಟರ್ ಕಂಡುಕೊಂಡ 790 ಕರಾರುವಾಕ್ಕಾಗಿತ್ತು. ಫರ್ನೇಸಿಗೆ ಯಾವ ಗುಣವೂ ಇರಲಿಲ್ಲ.

ಎರಡೂ ತುದಿ ಬಿಚ್ಚಿ, ಅದಲು ಬದಲು ಮಾಡಿ, ಮತ್ತೆ ಬಿಸಿಗಾಳಿ. 28. 28. 28. ಆಪರೇಟರೇ ಒದ್ದೆ ಬಟ್ಟೆ ತಂದು ಸೀಮೆಸುಣ್ಣದ ಲೆಕ್ಕ ಒರೆಸುತ್ತಾನೆ.

ಸೆಟ್ಟಿಂಗಿನಲ್ಲಿ ಮೊದಲು ಇನ್‌ಪುಟ್ ಟೈಪ್. ಹೊಸ ಕಂಟ್ರೋಲರು ಜೆ ಟೈಪಿನಲ್ಲಿ ಬಂದಿದ್ದು ಹಾಗೇ ಬಿಟ್ಟರೆ, ಒಳಗೆ 850 ಇರುವಾಗ ಅದು 640ರ ಆಸುಪಾಸು ತೋರಿಸಿ ಇನ್ನೂ ಕಾಯಿಸು ಅನ್ನುತ್ತದೆ. ಕೆ ಮಾಡಿದ್ದಾಯಿತು. ಕಂಟ್ರೋಲ್ ಆ್ಯಕ್ಷನ್ ಹೀಟಿಂಗ್. ಸೈಕಲ್ ಟೈಮ್ 2 ಸೆಕೆಂಡ್. ಕಾಂಟ್ಯಾಕ್ಟರಿಗೆ ಇಷ್ಟು ಬೇಗ ಆನ್ ಆಫ್ ಮಾಡಿಸಿದರೆ ಪಾಯಿಂಟುಗಳು ಸುಟ್ಟುಹೋಗುತ್ತವೆ, ಅದಕ್ಕೆ 20 ಸೆಕೆಂಡಾದರೂ ಬೇಕು. ಎಸ್‌ಎಸ್‌ಆರ್‌ಗೆ ಸವೆಯುವ ಪಾಯಿಂಟೇ ಇಲ್ಲ.

ಸೆಟ್ ಪಾಯಿಂಟ್ 850ಕ್ಕೆ ಇಟ್ಟು, ಆಟೊಟ್ಯೂನ್ ಒತ್ತಿ, ಹೀಟರ್ ಎಂಸಿಬಿ ಏರಿಸುತ್ತಾರೆ. ಮಧ್ಯಾಹ್ನ ಏರುತ್ತಿದ್ದಂತೆ ಅಂಕಿಯೂ ಏರುತ್ತದೆ. 850 ದಾಟಿದಾಗ ಕಂಟ್ರೋಲರು ಔಟ್‌ಪುಟ್ ಪೂರ್ತಿ ಕಡಿಯುತ್ತದೆ, ಕೆಳಗಿಳಿದಾಗ ಪೂರ್ತಿ ಕೊಡುತ್ತದೆ. ಆ ತೂಗಾಟ ಎಷ್ಟು ಅಗಲ, ಎಷ್ಟು ಹೊತ್ತಿಗೊಮ್ಮೆ ಅನ್ನುವುದರಿಂದ ಯಾವಾಗ ಎಷ್ಟು ಕಾಯಿಸಬೇಕೆಂದು ನಿರ್ಧರಿಸುವ ಪಿ, ಐ, ಡಿ ಬೆಲೆಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ತೂಗಾಟದಿಂದ ಈ ಬೆಲೆಗಳನ್ನು ಹುಡುಕುವ ನಿಯಮವನ್ನು ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಬರೆದರು. ಹೀಗೆ ಆನ್ ಆಫ್ ಮಾಡಿಯೇ ತೂಗಾಡಿಸುವ ಉಪಾಯವನ್ನು ಸ್ವೀಡನ್ನಿನ ಆಸ್ಟ್ರಮ್ ಮತ್ತು ಹಾಗ್ಲುಂಡ್ 1984ರಲ್ಲಿ ಮುಂದಿಟ್ಟರು. ಕೊನೆಗೆ ಟ್ಯೂನಿಂಗ್ ದೀಪ ಆರುತ್ತದೆ. 849. 850. 850.

“ಆಯ್ತಾ?” ಅನ್ನುತ್ತಾರೆ ಓನರ್.

“ಅರ್ಧ ಆಯ್ತು.” ಮೇಸ್ತ್ರಿ ಥರ್ಮೊಕಪಲ್ಲಿನ ಒಂದು ತಂತಿ ಬಿಚ್ಚುತ್ತಾರೆ. ಡಿಸ್‌ಪ್ಲೇ ‘ಓಪನ್’ ಅನ್ನುತ್ತದೆ, ಔಟ್‌ಪುಟ್ ದೀಪ ಆರುತ್ತದೆ. ತಂತಿ ಕಡಿದರೆ ಫರ್ನೇಸು ಕಾಯುವುದಿಲ್ಲ. ಆದರೆ ಎಸ್‌ಎಸ್‌ಆರ್ ಕೆಟ್ಟರೆ? ಅದು ಸಾಮಾನ್ಯವಾಗಿ ಕೆಡುವುದು ಶಾರ್ಟ್ ಆಗಿ. ಆಗ ಕಂಟ್ರೋಲರು ಎಷ್ಟೇ ಬೇಡವೆಂದರೂ ಹೀಟರಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಅದಕ್ಕೆಂದೇ ಬಾಗಿಲ ಕೆಳಭಾಗದಲ್ಲಿ ಇನ್ನೊಂದು ಪುಟ್ಟ ಲಿಮಿಟ್ ಕಂಟ್ರೋಲರಿದೆ. ಅದರ ಥರ್ಮೊಕಪಲ್ಲೇ ಬೇರೆ, ಅದರ ಕೈಯಲ್ಲಿರುವುದು ಮೇನ್ ಕಾಂಟ್ಯಾಕ್ಟರಿನ ಕಾಯಿಲ್. 900ಕ್ಕೆ ಇಟ್ಟಿರುವ ಅದರ ಮಿತಿಯನ್ನು ಮೇಸ್ತ್ರಿ ಬೇಕೆಂದೇ 840ಕ್ಕೆ ಇಳಿಸುತ್ತಾರೆ. ಪ್ಯಾನಲ್ಲಿನೊಳಗೆ ಧಡ್ ಎಂದು ಕಾಂಟ್ಯಾಕ್ಟರ್ ಬೀಳುತ್ತದೆ. ಮಿತಿ ಮತ್ತೆ 900ಕ್ಕೆ ಹೋದರೂ ರೀಸೆಟ್ ಬಟನ್ ಒತ್ತುವವರೆಗೆ ಅದು ಏಳುವುದಿಲ್ಲ.

ವೈರಿಂಗ್ ಡ್ರಾಯಿಂಗಿನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್ ಎಂದು ಕೆಂಪು ಶಾಯಿಯಲ್ಲಿ ಬರೆದು ಬಾಗಿಲ ಒಳಗಿನ ಜೇಬಿಗೆ ಸೇರಿಸಿ, ಮೇಸ್ತ್ರಿ ಆಪರೇಟರ್ ಕಡೆ ತಿರುಗುತ್ತಾರೆ. “ಇನ್ಮೇಲೆ 850 ಬೇಕಂದ್ರೆ 850ಕ್ಕೇ ಇಡು. ತಿಂಗಳಿಗೊಂದ್ಸಲ ಈ ಲಿಮಿಟ್ ಇಳ್ಸಿ ಕಾಂಟ್ಯಾಕ್ಟರ್ ಬೀಳತ್ತಾ ನೋಡು. ಬೀಳ್ಲಿಲ್ಲ ಅಂದ್ರೆ ಲೋಡ್ ಹಾಕ್ಬೇಡ, ನಂಗೆ ಫೋನ್ ಮಾಡು.”

“ಓನರ್ ಹಾಕು ಅಂದ್ರೆ?”

“ಅವ್ರ ಎದುರಿಗೇ ಹೇಳ್ತಿದೀನಲ್ಲ.”

ಓನರ್ ನಕ್ಕು, ಪರ್ಸ್ ತೆಗೆಯುತ್ತಾರೆ.