ಹೊಗೆಗೊಂದು ಬೋರ್ಡು

ನಮ್ಮ ಬಡಾವಣೆಯ ವಾಚನಾಲಯದ ಬಾಗಿಲಿಗೆ ಬೋರ್ಡು ಬರೆಸುವ ಕೆಲಸ ನನ್ನ ತಲೆಗೆ ಬಂತು. ಕನ್ನಡ ಎಂ.ಎ. ಮಾಡಿದವನು ಎಂಬುದೊಂದೇ ಅರ್ಹತೆ. ಐದು ನಿಮಿಷದ ಕೆಲಸವೆಂದು ಕೂತವನು ಒಂದು ವಾರ ಒದ್ದಾಡಿದೆ.

ಮೊದಲು ಬರೆದದ್ದು ಎಲ್ಲರೂ ಬರೆಯುವಂಥದ್ದೇ: ‘ಧೂಮಪಾನ ನಿಷೇಧಿಸಲಾಗಿದೆ’. ಯಾರು ನಿಷೇಧಿಸಿದರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಸರ್ಕಾರವೋ, ಸಮಿತಿಯೋ, ಸೇದುವವನ ಹೆಂಡತಿಯೋ ತಿಳಿಯದು. ಇನ್ನು ‘ಧೂಮಪಾನ’ದ ಕಥೆಯೇ ಬೇರೆ. ಚರಕಸಂಹಿತೆಯಲ್ಲಿ ಅದೊಂದು ಚಿಕಿತ್ಸೆ. ಔಷಧಿಯ ಬತ್ತಿ ಮಾಡಿ, ನಳಿಗೆಯಿಂದ ಹೊಗೆ ಎಳೆದುಕೊಳ್ಳಿ ಎಂದು ವೈದ್ಯರೇ ಹೇಳುತ್ತಿದ್ದ ಮಾತು. ಆ ಪದ ಈಗ ಬಸ್ಸಿನೊಳಗೆ ದಂಡದ ಮೊತ್ತದ ಪಕ್ಕ ಬಂದು ಕೂತಿದೆ. ಅಲ್ಲದೆ, ‘ಸ್ವಲ್ಪ ಧೂಮಪಾನ ಮಾಡ್ಕೊಂಡು ಬರ್ತೀನಿ’ ಎಂದು ಎದ್ದು ಹೋದವರನ್ನು ನಾನಂತೂ ಕಂಡಿಲ್ಲ. ನಾವು ಸೇದುತ್ತೇವೆ. ಬಾವಿಯಿಂದ ನೀರು ತೆಗೆಯುವ ಕ್ರಿಯಾಪದವೇ ಬೀಡಿಗೂ. ಹಗ್ಗ ಹಿಡಿದು ಆಳದಿಂದ ಎಳೆದುಕೊಳ್ಳುವ ಆ ದಮ್ಮು ‘ಪಾನ’ದಲ್ಲಿ ಎಲ್ಲಿದೆ?

ಸರಿ, ‘ಸೇದು’ ಗೆದ್ದಿತು. ಮುಂದೆ ಏನು ಹಚ್ಚುವುದು? ‘ಕೂಡದು’ ಎಂದರೆ ಮೇಷ್ಟರ ಬೆತ್ತ. ‘ಬಾರದು’ ಎಂದರೆ ಅಜ್ಜಿಯ ಮಾತು: ಸಂಜೆ ಹೊತ್ತು ಉಗುರು ಕತ್ತರಿಸಬಾರದು, ಹೊಸ್ತಿಲ ಮೇಲೆ ಕೂರಬಾರದು, ಕೇಳಿ, ಹೂಂಗುಟ್ಟಿ, ಮರೆತುಬಿಡುವಂಥದ್ದು. ‘ದಯವಿಟ್ಟು’ ಸೇರಿಸಿದರೆ ಬೋರ್ಡೇ ಸಾಲ ಕೇಳಲು ಬಂದ ಹಾಗಿರುತ್ತದೆ.

ಕಾನೂನು ನನ್ನಷ್ಟು ಒದ್ದಾಡಿಲ್ಲ. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮ ಎಲ್ಲವನ್ನೂ ಗೊತ್ತುಮಾಡಿದೆ: ಬೋರ್ಡು ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಬಿಳಿ ಹಿನ್ನೆಲೆ, ಕೆಂಪು ವೃತ್ತ, ಅದರೊಳಗೆ ಅಡ್ಡಪಟ್ಟಿ ಹೊಡೆದ ಸಿಗರೇಟೋ ಬೀಡಿಯೋ. ಬೀಡಿಯನ್ನು ಮರೆಯದ ಆ ಅಧಿಕಾರಿ ಯಾರೋ, ಅವರಿಗೆ ನಮಸ್ಕಾರ. ಮಾತೂ ಸಿದ್ಧವಾಗಿತ್ತು: ಇದು ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಮಾಡುವುದು ಅಪರಾಧ. ಸೋತು ಅದನ್ನೇ ಪೇಂಟರಿಗೆ ಕೊಟ್ಟೆ.

ಅವರು ಕಿವಿಯ ಸಂದಿಯಲ್ಲಿದ್ದ ಬೀಡಿಯನ್ನು ಸರಿಪಡಿಸಿಕೊಳ್ಳುತ್ತ ಓದಿದರು.

“ಇದನ್ನ ಓದಿದ್ರೆ ನೀವು ಸೇದೋದು ನಿಲ್ಲಿಸ್ತೀರಾ?” ಎಂದೆ.

“ಇದು ಆಫೀಸ್ನೋರಿಗೆ ಬರ್ದಿರೋದು ಸಾರ್. ನಮಗಲ್ಲ.”

“ನಿಮಗಾದ್ರೆ ಹೇಗೆ ಬರೀಬೇಕು?”

ಅವರು ಯೋಚಿಸಲಿಲ್ಲ. “ಬೀಡಿ ಸಿಗರೇಟು ಹೊರಗೆ ಸೇದಿ.”

ವಾರವಿಡೀ ನನಗೆ ಹೊಳೆಯದ ವಾಕ್ಯ. ಬೇಡ, ಬಾರದು, ಕೂಡದು ಒಂದೂ ಇಲ್ಲ. ಹೋಗುವ ದಾರಿ ಮಾತ್ರ ಇದೆ. ಕಾನೂನಿನ ಸಾಲಿನ ಕೆಳಗೆ ಅದನ್ನೂ ಬರೆಸಿದೆ. ‘ಇದೇನು ಆಮಂತ್ರಣ ಪತ್ರಿಕೆಯೇ?’ ಎಂದು ಸಮಿತಿಯಲ್ಲಿ ಗೊಣಗಾಟವಾಯಿತು. ಆದರೆ ಜನ ಈಗ ಎದ್ದು ಗೇಟಿನಾಚೆಯ ಹೊಂಗೆ ಮರದ ಕೆಳಗೆ ಹೋಗುತ್ತಾರೆ.

ಅದೇ ನಿಯಮದ ಪ್ರಕಾರ, ಯಾರಾದರೂ ಒಳಗೆ ಸೇದಿದರೆ ದೂರು ಯಾರಿಗೆ ಕೊಡಬೇಕೆಂದು ಹೆಸರನ್ನೂ ಹಾಕಬೇಕು. ಬೋರ್ಡಿನಲ್ಲಿ ಆ ಜಾಗ ಇನ್ನೂ ಖಾಲಿ ಇದೆ.