ಹಾವಿಗೆ ಹತ್ತಿದ ನುಸಿ

ಪರೀಕ್ಷಿದ್ರಾಜನ ಕಥೆಯನ್ನು ಅರಿಯದವರು ವಿರಳ. ಏಳು ದಿನಗಳೊಳಗೆ ತಕ್ಷಕನಿಂದ ಮರಣವೆಂಬ ಶಾಪವನ್ನು ಕೇಳಿ ಅವನು ಒಂಟಿಕಂಬದ ಮೇಲೆ ಅರಮನೆಯನ್ನು ಕಟ್ಟಿಸಿದನು. ವೈದ್ಯರನ್ನೂ ಮಂತ್ರಸಿದ್ಧರನ್ನೂ ಸುತ್ತಲೂ ನಿಲ್ಲಿಸಿದನು. ಆದರೂ ಏಳನೆಯ ದಿನದ ಸಾಯಂಕಾಲ, ತಾಪಸವೇಷದವರು ತಂದಿತ್ತ ಹಣ್ಣಿನೊಳಗೆ ಅಣುಮಾತ್ರದ ಕೆಂಪು ಹುಳುವೊಂದು ಕಾಣಿಸಿತು. ಅಲ್ಲಿ ಹಾವು ಹುಳುವಾಗಿ ಬಂದಿತು. ರಾಜಾಜಿನಗರದ ಒಂದು ಮನೆಯಲ್ಲಿ ಈಚೆಗೆ ಹುಳುವೇ ಹಾವನ್ನೇರಿ ಬಂದಿತು.

ಆ ಮನೆಯವರು ನಾಗನಿಗೆ ನಡೆದುಕೊಳ್ಳುವವರು. ಷಷ್ಠಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬರುವುದು, ಕೆಂಗೇರಿಯಾಚೆ ರಾಮೋಹಳ್ಳಿಯ ಮುಕ್ತಿನಾಗನಿಗೆ ಹರಕೆ ಸಲ್ಲಿಸುವುದು ಅಲ್ಲಿನ ಪದ್ಧತಿ. ಹೀಗಿದ್ದೂ ಮೊಮ್ಮಗನು ನಾಲ್ಕು ವರ್ಷಗಳ ಹಿಂದೆ ಜೀವಂತವಾದ ಹಾವೊಂದನ್ನು ಮನೆಗೆ ತಂದಾಗ ಅಜ್ಜಿಯು ಮೂರು ದಿನ ಅವನೊಡನೆ ಮಾತನಾಡಲಿಲ್ಲ. ನಾಲ್ಕನೆಯ ದಿನ, “ಅದಕ್ಕೆ ಚಳಿಯಾಗದೇನೋ?” ಎಂದು ಕೇಳಿದರು.

ಅದು ಈ ದೇಶದ ಹಾವಲ್ಲ. ನಾಗರವನ್ನಾಗಲಿ ಕೇರೆಯನ್ನಾಗಲಿ ಇಲ್ಲಿಯ ಹೆಬ್ಬಾವನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಬಡಾವಣೆಯ ಚರಂಡಿಯಲ್ಲಿ ಗಾಯಗೊಂಡ ನಾಗರವು ಸಿಕ್ಕಿದರೆ ಅದನ್ನು ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯವರು ನಡೆಸುವ ವನ್ಯಪ್ರಾಣಿಗಳ ಆಸ್ಪತ್ರೆಗೆ ಒಪ್ಪಿಸುವುದುಂಟು. ಹುಡುಗನು ತಂದದ್ದು ಆಫ್ರಿಕಾ ಖಂಡದ ಪಶ್ಚಿಮ ಮತ್ತು ಮಧ್ಯ ಭಾಗಗಳ ಸಣ್ಣ ಹೆಬ್ಬಾವು. ಬೆದರಿದಾಗ ತಲೆಯನ್ನು ನಡುವಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಬಾಲ್ ಪೈಥಾನ್ ಎಂದು ಹೆಸರು. ವಿಷವಿಲ್ಲ, ಸರಿಯಾಗಿ ಸಾಕಿದರೆ 20 ವರ್ಷಕ್ಕೂ ಮೀರಿ ಬಾಳುತ್ತದೆ. ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮಗಳು ಪ್ರಕಟವಾದ ಮೇಲೆ ಇಂತಹ ವಿದೇಶೀ ಪ್ರಾಣಿಗಳನ್ನು ಸರಕಾರದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಬೇಕಾಗಿದೆ. ಹುಡುಗನು ಅದನ್ನು ತಪ್ಪದೆ ಮಾಡಿದ್ದನು. ಮಾಡದವರೂ ಇದ್ದಾರೆ: 2024ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬಂದಿಳಿದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಬೆಂಗಳೂರಿನ ಸುಂಕದ ಅಧಿಕಾರಿಗಳಿಗೆ 10 ಹಳದಿ ಅನಕೊಂಡಗಳು ಸಿಕ್ಕಿದವು. ಹಾಗೆ ಬಂದ ಹಾವಿನ ಮೈಮೇಲೆ ಇನ್ನೇನು ಬಂದಿದೆಯೆಂದು ನೋಡುವವರಾರು!

ಆದರೆ ಕಾಗದಪತ್ರಗಳು ನೆಟ್ಟಗಿದ್ದ ಮಾತ್ರಕ್ಕೆ ಮೈ ನೆಟ್ಟಗಿರಬೇಕೆಂದಿಲ್ಲ. ಹುಡುಗನು ಎರಡನೆಯ ಹಾವನ್ನು ಬೇರೊಂದು ಊರಿನಿಂದ ಕ್ರಮವಾಗಿಯೇ ತರಿಸಿದನು. ಹೊಸ ಹಾವನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿರಿಸಬೇಕೆಂಬುದು ಅವನಿಗೆ ತಿಳಿಯದ ವಿಷಯವಲ್ಲ. ಇತರರಿಗೆ ಅವನೇ ಬೋಧಿಸುತ್ತಿದ್ದನು. ಆದರೆ ಮಹಡಿಯ ಕೋಣೆಯಲ್ಲಿ ಹಳೆಯ ಹಾಸಿಗೆಗಳೂ ಗೌರಿಹಬ್ಬದ ಸಾಮಾನುಗಳೂ ತುಂಬಿದ್ದವು.

“ಹಳೆಯದರ ಪಕ್ಕದಲ್ಲೇ ಇಡುತ್ತೀಯೇನೋ?” ಎಂದರು ಅಜ್ಜಿ.

“ಎರಡು ದಿನ ಮಾತ್ರ, ಅಜ್ಜಿ. ಭಾನುವಾರ ಕೋಣೆ ಖಾಲಿ ಮಾಡುತ್ತೇನೆ.”

ಆ ಭಾನುವಾರ ಕಳೆದು ಮತ್ತೊಂದು ಭಾನುವಾರವೂ ಕಳೆಯಿತು.

ಮೊದಲು ಕಂಡುಹಿಡಿದವರು ಅಜ್ಜಿಯೇ. ಹಗಲೆಲ್ಲ ಗೂಡಿನಲ್ಲಿ ಅಡಗಿರುವ ಹಳೆಯ ಹಾವು ನೀರಿನ ಬೋಗುಣಿಯಲ್ಲಿ ಮೂಗಿನ ತುದಿಯನ್ನಷ್ಟೇ ಮೇಲಿಟ್ಟು ಬೆಳಗಿನಿಂದ ಸಂಜೆಯವರೆಗೆ ಮಲಗಿದ್ದಿತು. ಸೆಕೆಯಿರಬಹುದೆಂದು ಹುಡುಗನು ಉದಾಸೀನ ಮಾಡಿದನು. ಮರುದಿನ ಬೋಗುಣಿಯ ತಳದಲ್ಲಿ ಮೆಣಸಿನ ಪುಡಿ ಉದುರಿದಂತೆ ಕರಿಯ ಕಣಗಳು ಕಂಡವು. ಹಾವಿನ ಬೆನ್ನ ಮೇಲೆ ವಿಭೂತಿ ಎರಚಿದಂತೆ ಬಿಳಿಯ ಧೂಳು. ಅದು ನುಸಿಯ ಮಲ. ದೀಪ ಹಿಡಿದು ನೋಡಿದಾಗ ಕಣ್ಣಿನ ಅಂಚಿನಲ್ಲಿ, ಗದ್ದದ ಕೆಳಗಿನ ಗೆರೆಯಲ್ಲಿ, ಹುರುಪೆಗಳ ಸಂದಿನಲ್ಲಿ ಅವು ಕಚ್ಚಿಕೊಂಡಿದ್ದವು. ರಕ್ತ ಹೀರಿ ಕಪ್ಪಾದ ಹೆಣ್ಣು ನುಸಿಯ ಉದ್ದ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ರಾಗಿಯ ಕಾಳಿಗಿಂತ ಕಿರಿದು. ತೆಂಗಿನಕಾಯಿಯನ್ನು ಕೆಡಿಸುವ ನುಸಿಯೂ ಇದರ ದೂರದ ನೆಂಟನೇ ಸರಿ.

ಈ ಕ್ಷುದ್ರಜೀವಿಯ ಬಲವಿರುವುದು ಅದರ ದಿನಚರಿಯಲ್ಲಿ. ಹೆಣ್ಣು ಹಾವಿನ ಮೈಯಲ್ಲಿ ಮೊಟ್ಟೆಯಿಡುವುದಿಲ್ಲ. ರಕ್ತ ಕುಡಿದು, ಕೆಳಗಿಳಿದು, ಪೆಟ್ಟಿಗೆಯ ಮೂಲೆಯಲ್ಲೋ ಮರದ ಬಿರುಕಿನಲ್ಲೋ ಇಟ್ಟುಬರುತ್ತದೆ. ಜೀವಮಾನದಲ್ಲಿ ಒಂದರ ಮೊಟ್ಟೆಗಳು ಹತ್ತಾರು. ಮೊಟ್ಟೆಯಿಂದ ಹೊರಬಿದ್ದು, ಒಮ್ಮೆ ಉಪವಾಸ, ಒಮ್ಮೆ ಊಟ, ಮತ್ತೆ ಉಪವಾಸವೆಂಬಂತೆ ಮೂರು ಅವಸ್ಥೆಗಳನ್ನು ದಾಟಿ ಬೆಳೆಯಲು ಬೆಚ್ಚನೆಯ ಕೋಣೆಯಲ್ಲಿ ಎರಡು ವಾರ ಸಾಕು. ಆದುದರಿಂದ ಹಾವಿನ ಮೈಯನ್ನು ಎಷ್ಟು ತೊಳೆದರೂ ಅರ್ಧ ಸೈನ್ಯವು ಗೋಡೆಯಲ್ಲಿ ಉಳಿದಿರುತ್ತದೆ. ಹೀಗೆ ರಕ್ತ ಹೋಗಿ ಹಾವು ಬಡವಾಗುತ್ತದೆ. ನುಸಿಯ ಬಾಯಿಂದ ಬೇರೆ ರೋಗಗಳೂ ಹರಡುತ್ತವೆ.

ಅಜ್ಜಿಯು ಫಿನಾಯಿಲ್ ತಂದರು. ಹುಡುಗನು ಓಡಿಬಂದು ತಡೆದನು; ನೆಲಕ್ಕೆ ಹಿತವಾದ ಆ ದ್ರವ ಹಾವಿಗೆ ವಿಷ. ಪಶುವೈದ್ಯರು ಹೇಳಿದ ಚಿಕಿತ್ಸೆಯಲ್ಲಿ ಚಮತ್ಕಾರವೇನೂ ಇರಲಿಲ್ಲ. ಗೂಡಿನ ಮರವನ್ನೂ ತೊಗಟೆಯನ್ನೂ ಎಸೆಯುವುದು. ಪೆಟ್ಟಿಗೆಯನ್ನು ಬಿಸಿನೀರಿನಿಂದ ಉಜ್ಜುವುದು. ನುಸಿ ಎದ್ದು ಕಾಣಲೆಂದು ತಳಕ್ಕೆ ಬಿಳಿಯ ಕಾಗದವನ್ನು ಹಾಸಿ ದಿನವೂ ಬದಲಿಸುವುದು. ಉಗುರುಬೆಚ್ಚನೆಯ ನೀರಿನಲ್ಲಿ ಹಾವನ್ನು ಕೂರಿಸುವುದು. ಅಳತೆ ಮೀರದೆ ಔಷಧಿಯನ್ನು ಹಚ್ಚುವುದು. ಔಷಧಿಯು ಮೊಟ್ಟೆಯನ್ನು ಕೊಲ್ಲದಿರುವುದರಿಂದ, ಮೊಟ್ಟೆಯೊಡೆದವು ಮತ್ತೆ ಮೊಟ್ಟೆಯಿಡುವ ಮುನ್ನವೇ ಇದೆಲ್ಲವನ್ನೂ ಮರಳಿ ಮಾಡಬೇಕು.

“ಎರಡಕ್ಕೂ ಹತ್ತಿದ ಮೇಲೆ ಬೇರೆ ಇರಿಸಿ ಫಲವೇನು?” ಎಂದು ಹುಡುಗನು ಕೇಳಿದನು. ಹೊಸದರ ಹೊಟ್ಟೆಯಲ್ಲಿಯೂ ಉಸಿರಿನಲ್ಲಿಯೂ ಇನ್ನೇನು ಅಡಗಿದೆಯೋ, 90 ದಿನ ಕಳೆಯದೆ ಹೇಳಲಾಗದೆಂದು ವೈದ್ಯರ ಉತ್ತರ. ಅಂದು ರಾತ್ರಿಯೇ ಮಹಡಿಯ ಕೋಣೆ ಖಾಲಿಯಾಯಿತು.

ಕ್ವಾರಂಟೈನ್ ಎಂಬ ಶಬ್ದವು ವೆನಿಸ್ ಪಟ್ಟಣದವರು ಸೋಂಕಿನ ಹಡಗುಗಳನ್ನು ತಡೆಯುತ್ತಿದ್ದ ನಲವತ್ತು ದಿನಗಳಿಂದ ಹುಟ್ಟಿದ್ದು. ಅಜ್ಜಿಗೆ ಅದು 2020ರ ಕರೋನಾ ಕಾಲದಲ್ಲಿ ಪರಿಚಯವಾಯಿತು. ಅದರ ಅರ್ಥ ಮಾತ್ರ ಮೊದಲೇ ಗೊತ್ತಿದ್ದಿತು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆಮೇಲೆ ಎಷ್ಟೋ ವರ್ಷ ಅದು ಮರಳಿ ಮರಳಿ ಬಂದಿತು. ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲಿಗೆ ಹೋಗುತ್ತಿದ್ದುದನ್ನು ಅವರ ಅಜ್ಜಿ ಕಥೆಯಾಗಿ ಹೇಳುತ್ತಿದ್ದರಂತೆ. ಅಂದು ಇಲಿಯ ಮೈಯ ಚಿಗಟವು ಕೇರಿಗಳನ್ನೇ ಬರಿದುಮಾಡಿತ್ತು.

ಇನ್ನು ಮಡಿಯ ವಿಷಯದಲ್ಲಿ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೊದಲು ಕೆಳಗಿನ ಹಾವಿನ ಕೆಲಸ, ಕಡೆಗೆ ಮೇಲಿನದು. ಮೇಲಿನದಕ್ಕೆ ಬೇರೆ ಬೋಗುಣಿ, ಬೇರೆ ಇಕ್ಕಳ. ಇಳಿದುಬಂದವನು ಬಟ್ಟೆ ಬದಲಿಸಿ ಕೈಕಾಲು ತೊಳೆಯದೆ ಏನನ್ನೂ ಮುಟ್ಟಕೂಡದು. “ಮೈಲಿಗೆಯಾಯಿತು, ಹೋಗು!” ಎಂದು ಹುಡುಗನನ್ನು ಎರಡು ಸಲ ಬಚ್ಚಲಿಗೆ ಅಟ್ಟಿದರು. ಮನುಷ್ಯರನ್ನು ಹುಟ್ಟಿನಿಂದ ದೂರವಿಡಲು ಬಳಸಿ ಕೆಟ್ಟುಹೋದ ಆ ಮಾತು, ನುಸಿಯ ಮೇಲೆ ಪ್ರಯೋಗವಾದಾಗ ನಿಜವಾಗಿ ಉಪಯೋಗಕ್ಕೆ ಬಂದಿತು.

ಹಳೆಯ ಹಾವು ಏಳು ವಾರ ಆಹಾರವನ್ನು ಮುಟ್ಟಲಿಲ್ಲ. ಈ ಜಾತಿಗೆ ದೀರ್ಘ ಉಪವಾಸವು ಸಹಜವೆಂದು ಹುಡುಗನು ಮನೆಯವರಿಗೆ ಹೇಳುತ್ತಿದ್ದನು. ಆದರೆ ಪ್ರತಿ ಶುಕ್ರವಾರ ತೂಗುವಾಗ ಬಾಗಿಲು ಮುಚ್ಚಿಕೊಳ್ಳುತ್ತಿದ್ದನು. ಬೆನ್ನುಮೂಳೆ ಕಾಣತೊಡಗಿತ್ತು. “ಅದು ನಿನ್ನನ್ನು ನಂಬಿ ಬಂದದ್ದು ಕಣೋ” ಎಂದು ಅಜ್ಜಿ ಒಮ್ಮೆ ಅಂದರು; ಅವನು ಉತ್ತರ ಕೊಡಲಿಲ್ಲ. ಎಂಟನೆಯ ವಾರದಲ್ಲಿ ಕಣ್ಣಿನ ಪೊರೆಯೂ ಸೇರಿ ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ ಪೊರೆ ಕಳಚಿತು. ಆ ರಾತ್ರಿ ಹಾವು ಇಲಿಯನ್ನು ನುಂಗಿತು. ಅಜ್ಜಿಯು ಏಕಾದಶಿಯೆಂಬುದನ್ನೂ ಮರೆತು ಹುಡುಗನಿಗೆ ಪಾಯಸ ಮಾಡಿದರು.

ಮಹಡಿಯ ಹಾವಿನ ದಿನಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಧಿಕಾರವೂ ಅಜ್ಜಿಯದೇ ಆಗಿದ್ದಿತು. ಎಪ್ಪತ್ತೊಂದನೆಯ ಬೆಳಿಗ್ಗೆ ಹುಡುಗನು ಹಾಸಿನ ಕಾಗದವನ್ನು ಮಡಿಸದೆ ಹಾಗೆಯೇ ಹಿಡಿದು ಮೆಟ್ಟಿಲ ಮೇಲೆ ನಿಂತನು. ಅಜ್ಜಿ ಕನ್ನಡಕವನ್ನು ಏರಿಸಿಕೊಂಡು ಕೆಳಗಿನಿಂದಲೇ ನೋಡಿದರು. ಕಾಗದದ ನಡುವೆ ಕರಿಯ ಚುಕ್ಕಿಯೊಂದಿದ್ದಿತು.

“ಮಣ್ಣಿರಬಹುದು” ಎಂದನು ಹುಡುಗ.

ಅದು ಅಂಚಿನ ಕಡೆಗೆ ನಡೆಯತೊಡಗಿತು. ಅಜ್ಜಿ ಅಡುಗೆಮನೆಗೆ ಹೋಗಿ, ಕ್ಯಾಲೆಂಡರನ್ನು ಗೋಡೆಯಿಂದಿಳಿಸಿ, ಅಂದಿನ ತಾರೀಖಿನ ಮೇಲೆ ಒಂದು ಎಂದು ಬರೆದರು.