ಅಂಗಡಿ ಡೈರಿ – ಕಂತು 7: ಎಲ್ ಅಕ್ಷರ ಒತ್ತಿದಾಗ

ಫೋಟೊದಾಗ ಇರೋದು ನಮ್ಮ ಸಿಂದಗಿ ಅಂಗಡಿಯ ಹಳೇ ಕಂಪ್ಯೂಟರ್. ಪಹಣಿ, ಜಾತಿ-ಆದಾಯದ ಅರ್ಜಿ, ಪರೀಕ್ಷೆ ರಿಸಲ್ಟ್, ಎಲ್ಲಾ ಇದರ ಮ್ಯಾಲೇ. ಗಿರಾಕಿಗಳು ಹಿಂದೆ ನಿಂತಿರ್ತಾರ, ಕೀಬೋರ್ಡ್ ಮುಂದೆ ಕೂಡೋದು ನಾನೊಬ್ಬನೇ.

ಹೋದ ವರ್ಷ ಒಬ್ಬ ಅಕ್ಕ ಬಂದಿದ್ರು. ಯಾವ ಊರು ಅಂತ ಕೇಳಬ್ಯಾಡ್ರಿ. ಇಂಡಿ ಇರಬಹುದು, ಮುದ್ದೇಬಿಹಾಳ ಇರಬಹುದು, ಬಸವನ ಬಾಗೇವಾಡಿನೂ ಇರಬಹುದು. ಉಚಿತ ವಕೀಲರು ಎಲ್ಲಿ ಸಿಗ್ತಾರ ಅಂತ ಸಣ್ಣ ದನಿಯೊಳಗ ಕೇಳಿದ್ರು. ಹುಡುಕಿ ಕೊಟ್ಟೆ. (1987ರ ಕಾನೂನು ಸೇವಾ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಈ ಸೇವೆ ಪುಕ್ಕಟೆ. ಗೊತ್ತಿಲ್ಲದವರಿಗೆ ಹೇಳ್ರಿ.)

ಮರುದಿನ ಪಹಣಿಗೆ ಅವರ ಮೈದುನ ಬಂದ. ಭೂದಾಖಲೆ ಸೈಟ್ ತೆಗೀಲಿಕ್ಕೆ ಇಂಗ್ಲಿಷಿನ ಎಲ್ ಅಕ್ಷರ ಒತ್ತಿದೆ. ಕೆಳಗ ಇಳೀತು ನೋಡ್ರಿ ಸಾಲು: ಲೀಗಲ್ ಏಡ್, ವಿಜಯಪುರ. ಅವ ಓದಿದ.

"ನಿನ್ನೆ ನಮ್ಮ ವೈನಿ ಇಲ್ಲಿ ಬಂದಿದ್ರೇನ್ರಿ?"

"ಇಲ್ರಿ" ಅಂದೆ. ಸುಳ್ಳು. ಅವ ನಂಬಿದನೋ ಇಲ್ಲೋ, ಇವತ್ತಿಗೂ ಗೊತ್ತಿಲ್ಲ.

ತಪ್ಪು ಬ್ರೌಸರಿಂದಲ್ಲ, ನಂದು. ಹುಡುಕಿದ್ದೆಲ್ಲಾ ನೆನಪಿಡು ಅನ್ನೋ ಸೆಟ್ಟಿಂಗ್ ಹೆಂಗ ಬಂದಿತ್ತೋ ಹಂಗೇ ಬಿಟ್ಟಿದ್ದೆ.

ಆಮ್ಯಾಲೆ 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು. ಈ ಮಷೀನು ವಿಂಡೋಸ್ 11 ತಗೊಳ್ಳಲ್ಲ. ಲಿನಕ್ಸ್ ಮಿಂಟ್ ಹಾಕಿದೆ, ಅದರ ಜೋಡಿ ಫೈರ್‌ಫಾಕ್ಸ್ ಬರ್ತದ. ಅದನ್ನೇ ಇಟ್ಕೊಂಡೆ. 2022ರಿಂದ ಅದರಾಗ ಒಂದು ವ್ಯವಸ್ಥೆ ತಾನಾಗೇ ಚಾಲೂ ಇರ್ತದ: ಪ್ರತಿ ಸೈಟಿನ ಕುಕೀ ಬ್ಯಾರೆ ಬ್ಯಾರೆ ಡಬ್ಬ್ಯಾಗ. ನಮ್ಮ ಬಜಾರದಾಗ ಪ್ರತಿ ಅಂಗಡಿಗೂ ಅದರದೇ ಉದ್ರಿ ಪುಸ್ತಕ ಇರ್ತದಲ್ಲ, ಹಂಗ. ಎಲ್ಲಾ ಪುಸ್ತಕ ಒಟ್ಟು ಕೂಡಿಸಿ ನಿಮ್ಮ ಲೆಕ್ಕ ತೆಗಿಯೋದು ಜಾಹೀರಾತು ಕಂಪನಿಯವರಿಗೆ ಕಷ್ಟ ಆಗ್ತದ.

ಹಂಗಂತ ಫೈರ್‌ಫಾಕ್ಸ್ ದೇವರಲ್ಲ. ಅದನ್ನ ಮಾಡೋ ಮೊಜಿಲ್ಲಾಕ್ಕ ಹೆಚ್ಚಿನ ರೊಕ್ಕ ಬರೋದು ಗೂಗಲ್‌ನಿಂದನೇ, ಗೂಗಲ್ ಹುಡುಕಾಟವನ್ನ ಡೀಫಾಲ್ಟ್ ಇಟ್ಟದ್ದಕ್ಕ. ಅದಕ್ಕ ಹುಡುಕಾಟ ಡಕ್‌ಡಕ್‌ಗೋಗೆ ಬದಲಿಸೀನಿ. ಕನ್ನಡದಾಗ ಹುಡುಕಿದ್ರ ಒಮ್ಮೊಮ್ಮೆ ಕೈ ಕೊಡ್ತದ, ಖರೆ.

ಎಲ್ಲಕ್ಕಿಂತ ಮುಖ್ಯ, 'ಇತಿಹಾಸ ನೆನಪಿಡಬೇಡ' ಅನ್ನೋದನ್ನ ಹಚ್ಚೀನಿ. ಪಾಸ್‌ವರ್ಡ್ ಉಳಿಸೋದು, ಫಾರ್ಮ್ ತಾನೇ ತುಂಬೋದು ಎರಡೂ ಬಂದ್. ಗಿರಾಕಿ ಕೆಲಸ ಮುಗಿದ ಕೂಡಲೇ ಕಿಟಕಿ ಮುಚ್ಚಬೇಕು, ಇಲ್ಲಾಂದ್ರ ಲಾಗಿನ್ ಹಂಗೇ ಉಳೀತದ. ನನಗ ದಿನಾ ಇಪ್ಪತ್ತು ಸಲ ಕ್ಯಾಪ್ಚಾ ಹೊಡಿಯೋ ತ್ರಾಸ. ಕೆಲವು ಸೈಟು ಕ್ರೋಮ್‌ನಾಗೇ ಚಲೋ ನಡೀತಾವ ಅಂತ ಅದನ್ನೂ ಮೂಲ್ಯಾಗ ಇಟ್ಟೀನಿ, ಡೀಫಾಲ್ಟ್ ಮಾತ್ರ ಅಲ್ಲ. ಇಷ್ಟೆಲ್ಲಾ ಮಾಡಿದ್ರೂ ನೆಟ್ ಕೊಡೋ ಕಂಪನಿಗೆ ಯಾವ ಸೈಟ್ ತೆಗೆದೀವಿ ಅಂತ ಕಾಣ್ತದ, ಅದನ್ನ ಬ್ರೌಸರ್ ಮುಚ್ಚಲ್ಲ.

ನಿಮ್ಮ ಫೋನಿನ ಸೆಟ್ಟಿಂಗ್ ನಿಮ್ಮ ಕೈಯಾಗ ಅದ. ನನ್ನ ಹಿಂದ ನಿಂತವರಿಗೆ ಅದೂ ಇಲ್ಲ, ನಾನು ಹಚ್ಚಿದ್ದೇ ಅವರ ಪಾಲಿಗೆ.

ಇದೆಲ್ಲಾ ಮಾಡಿ ಆರಾಮ ಕೂತಿದ್ದೆ. ಮೊನ್ನೆ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿದ್ರ, ಯಪ್ಪಾ, ಮೂರು ತಿಂಗಳ ಆಧಾರ್ ಪ್ರತಿಗಳು ಸಾಲಾಗಿ ಕೂತಿದ್ವು. ಅವತ್ತು ರಾತ್ರಿ ಅಳಿಸಿ, ಆಮ್ಯಾಲೇ ಶಟರ್ ಎಳೆದೆ.